ಒಂದು ನಲವತ್ತೋ, ಮೂರು ಮೂವತ್ತೋ?

ನಮ್ಮ ಮನೆಯಲ್ಲಿ ಈ ವರ್ಷ ಆಸ್ತಿ ಜಗಳ ಆಗಿದ್ದರೆ ಅದು ಡಸ್ಟ್ ವಿಷಯಕ್ಕೆ. ಪೋಕೆಮಾನ್ ಗೋ ಆಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆಡದವರಿಗೆ ಇಷ್ಟು ಸಾಕು: ಮೊಬೈಲ್ ಹಿಡಿದು ಊರು ಸುತ್ತುತ್ತಾ, ಚೆಂಡು ಎಸೆದು ಪೋಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿಯುವ ಆಟ ಇದು. ಹಿಡಿದ ಪ್ರಾಣಿಯನ್ನು ಬಲಪಡಿಸಲು ಸ್ಟಾರ್‌ಡಸ್ಟ್ ಬೇಕು, ಕ್ಯಾಂಡಿಯೂ ಬೇಕು. ಡಸ್ಟ್ ಸುಮ್ನೆ ಸಿಗಲ್ಲ. ಸಾಮಾನ್ಯ ಪೋಕೆಮಾನ್ ಒಂದನ್ನು ಹಿಡಿದರೆ 100 ಬರುತ್ತದೆ, ಅಷ್ಟೇ. ನನ್ನ ಹತ್ತಿರವೂ ತಮ್ಮನ ಹತ್ತಿರವೂ ಹೆಚ್ಚುಕಡಿಮೆ 2,25,000 ಸೇರಿತ್ತು. ಆ ಲೆಕ್ಕದಲ್ಲಿ 2,250 ಸಲ ಚೆಂಡು ಎಸೆದು ಕೂಡಿಟ್ಟ ಗಂಟು. ನಮ್ಮ ತುಮಕೂರಿನ ಅಮಾನಿಕೆರೆ ಸುತ್ತ ಎಷ್ಟು ಸುತ್ತು ಹಾಕಿದ್ದೇವೋ ಲೆಕ್ಕವಿಲ್ಲ. ಅಲ್ಲಿ ವಾಕಿಂಗ್ ಬರುವ ಅಂಕಲ್‌ಗಳಿಗೆ ನಾವು ಆರೋಗ್ಯದ ಬಗ್ಗೆ ತುಂಬಾ ಕಾಳಜಿ ಇರುವ ಮಕ್ಕಳು.

ಅಷ್ಟರಲ್ಲಿ ರೇಕ್ವೇಜಾ ಐದು ಸ್ಟಾರ್ ರೇಡ್‌ಗೆ ಬರುತ್ತಿದೆ ಅಂತ ಗೊತ್ತಾಯಿತು. ರೇಡ್ ಅಂದರೆ ಆಟಗಾರರು ಸೇರಿ, ತಲಾ ಆರು ಪೋಕೆಮಾನ್ ಇಳಿಸಿ, ಒಂದು ಬಲಿಷ್ಠ ಬಾಸ್ ಪೋಕೆಮಾನನ್ನು ಕೆಡವುವ ಕಾಳಗ. ಡ್ರ್ಯಾಗನ್ ಮತ್ತು ಫ್ಲೈಯಿಂಗ್, ಎರಡೂ ಜಾತಿ ಸೇರಿದ ಹಸಿರು ಹಾವು ಅದು. ಈ ಎರಡೂ ಜಾತಿಗೆ ಐಸ್ ಅಂದರೆ ಆಗಲ್ಲ. ಆಟದಲ್ಲಿ ಒಂದು ಜಾತಿ ಇನ್ನೊಂದಕ್ಕೆ ಮಾರಕವಾದರೆ ಏಟು 1.6 ಪಟ್ಟು ಬೀಳುತ್ತದೆ. ಇಲ್ಲಿ ಎರಡು ಸಲ ಗುಣಿಸಿ 2.56 ಪಟ್ಟು. ಅದಕ್ಕೇ ಎಲ್ಲರೂ ಐಸ್ ತಂಡ ಕಟ್ಟುವುದು. ಬಡವರ ಐಸ್ ಎಂದರೆ ಮ್ಯಾಮೊಸ್ವೈನ್. ಸ್ವಿನಬ್ ಎಂಬ ಪುಟ್ಟ ಹಂದಿಮರಿಗೆ 25 ಕ್ಯಾಂಡಿ ಕೊಟ್ಟರೆ ಪಿಲೋಸ್ವೈನ್ ಆಗುತ್ತದೆ. ಇನ್ನೊಂದು 100 ಕ್ಯಾಂಡಿ, ಜೊತೆಗೆ ಒಂದು ಸಿನ್ನೋ ಸ್ಟೋನ್ ಕೊಟ್ಟರೆ ಮ್ಯಾಮೊಸ್ವೈನ್. ಇಬ್ಬರ ಹತ್ತಿರವೂ ಆರಾರು ಇದ್ದವು, ಎಲ್ಲವೂ ಲೆವೆಲ್ 20ರ ಆಸುಪಾಸು.

ಜಗಳ ಹುಟ್ಟಿದ್ದು ಇಲ್ಲಿಂದ. ಲೆವೆಲ್ 20ರಿಂದ 40ಕ್ಕೆ ಏರಿಸಲು ಒಂದಕ್ಕೆ 2,25,000 ಡಸ್ಟ್ ಬೇಕು. 20ರಿಂದ 30ಕ್ಕಾದರೆ 75,000 ಸಾಕು. ಅಂದರೆ ಅದೇ ಗಂಟಿನಲ್ಲಿ ಒಂದು ನಲವತ್ತು ಮಾಡಬಹುದು, ಇಲ್ಲವೇ ಮೂರು ಮೂವತ್ತು ಮಾಡಬಹುದು. ಕ್ಯಾಂಡಿ ಒಂದು ನಲವತ್ತಕ್ಕೆ 248, ಮೂರು ಮೂವತ್ತಕ್ಕೆ ಒಟ್ಟು 198.

ತಮ್ಮ ಯೋಚನೆಯನ್ನೇ ಮಾಡಲಿಲ್ಲ. "ಅಕ್ಕಾ, ಮೂರು ಬಡಕಲು ಹಂದಿ ಸಾಕಿ ಏನ್ ಮಾಡ್ತೀಯಾ? ಒಂದೇ ಇರ್ಲಿ, ಆನೆ ಥರ ಇರ್ಲಿ" ಅಂದವನೇ ಒಂದನ್ನು ನಲವತ್ತಕ್ಕೆ ಏರಿಸಿಬಿಟ್ಟ. ನಾನು ಮೂರನ್ನು ಮೂವತ್ತಕ್ಕೆ ನಿಲ್ಲಿಸಿದೆ. ಲೆವೆಲ್ ಎಷ್ಟು ಅಂತ ಆಟ ನೇರವಾಗಿ ತೋರಿಸಲ್ಲ. ಪವರ್ ಅಪ್ ಬಟನ್ ಪಕ್ಕ ಒಂದು ಮೆಟ್ಟಿಲಿಗೆ 2,500 ಕೇಳಿದರೆ 20ರ ಹತ್ತಿರ ಇದೆ, 5,000 ಕೇಳಿದರೆ 30ರ ಹತ್ತಿರ, 10,000 ಕೇಳಲು ಶುರುಮಾಡಿದರೆ 39 ಮುಟ್ಟಿದೆ ಎಂದರ್ಥ. ಕೊನೆಯ ಆ ಎರಡು ಮೆಟ್ಟಿಲು ಹತ್ತುವಾಗ ತಮ್ಮನ ಹೆಬ್ಬೆರಳು ನಡುಗಿದ್ದನ್ನು ನಾನೇ ನೋಡಿದ್ದೇನೆ.

ಇದಕ್ಕೂ ಮೊದಲು ಒಂದು ಬುಧವಾರ ಏನನ್ನೂ ಏರಿಸದೆ, ಆಟವೇ ಆರಿಸಿಕೊಟ್ಟ ತಂಡ ಹಿಡಿದು ಹೋಗಿದ್ದೆವು. ಬುಧವಾರ ಸಂಜೆ ಆರರಿಂದ ಏಳು ರೇಡ್ ಅವರ್, ಜಿಮ್ ಎಂಬ ಆಟದ ಕಾಳಗದ ತಾಣಗಳ ಮೇಲೆಲ್ಲ ಮೊಟ್ಟೆ ಒಡೆದು ಐದು ಸ್ಟಾರ್ ಬಾಸ್‌ಗಳು ಹೊರಬರುವ ಹೊತ್ತು. ನನ್ನ ಪಟ್ಟಿಯಲ್ಲಿ ಎರಡು ಆಗ್ರಾನ್ ಮುಂದೆ ನಿಂತಿದ್ದವು. ಕಬ್ಬಿಣದ ಮೈ, ರೇಕ್ವೇಜಾ ಎಷ್ಟು ಬಡಿದರೂ ಅಲುಗಾಡಲ್ಲ. ಆದರೆ ತಾನು ಹೊಡೆಯುವುದು ಸೊಳ್ಳೆ ಕಚ್ಚಿದ ಹಾಗೆ. ಐದು ಸ್ಟಾರ್ ರೇಡ್‌ಗೆ ಸಿಗುವುದು ಬರೀ 300 ಸೆಕೆಂಡ್. ಅಲ್ಲಿ ಬದುಕಿ ಉಳಿದರೆ ಬಹುಮಾನ ಇಲ್ಲ, ಕೊಂದರೆ ಮಾತ್ರ. ಆರೇಳು ಜನ ಸೇರುವ ದೊಡ್ಡ ಗುಂಪಿದ್ದರೆ ಆ ತಂಡ ನಡೆಯುತ್ತದೆ, ಸತ್ತವನ್ನು ಎಬ್ಬಿಸುವ ರಿವೈವ್‌ಗಳೂ ಉಳಿಯುತ್ತವೆ. ನಮ್ಮ ಊರಲ್ಲಿ ಒಂದು ಲಾಬಿಗೆ, ಅಂದರೆ ರೇಡ್‌ಗೆ ಮೊದಲು ಕಾಯುವ ಜಾಗಕ್ಕೆ, ಮೂವರು ಸೇರಿದರೆ ಹಬ್ಬ.

ಮುಂದಿನ ಬುಧವಾರ ನಿಜವಾದ ಪರೀಕ್ಷೆ. ಪಕ್ಕದ ಮನೆಯ ಹುಡುಗ, ಪಿಯುಸಿ ಓದುವವನು, ನಮ್ಮಿಬ್ಬರಿಗಿಂತ ಗಟ್ಟಿ ಆಟಗಾರ. ಅವನ ಆರೂ ಮ್ಯಾಮೊಸ್ವೈನ್ ಚೆನ್ನಾಗಿ ಬೆಳೆದಿವೆ. ಅವನನ್ನೇ ತಕ್ಕಡಿ ಮಾಡಿಕೊಂಡೆವು. ಮೊದಲ ರೇಡ್ ತಮ್ಮ ಮತ್ತು ಆ ಹುಡುಗ, ಎರಡನೆಯದು ನಾನು ಮತ್ತು ಅದೇ ಹುಡುಗ. ಎರಡೂ ಸಲ ಆಟದಲ್ಲಿ ಹವಾಮಾನ ಅರ್ಧ ಮೋಡ ಅರ್ಧ ಬಿಸಿಲು, ಅದರಿಂದ ಐಸ್‌ಗೂ ಲಾಭವಿಲ್ಲ, ರೇಕ್ವೇಜಾಗೂ ಇಲ್ಲ.

ತಮ್ಮನ ಆನೆ ಮೊದಲು ಇಳಿಯಿತು. ಇಳಿದಿದ್ದು ನೋಡಲು ಚೆಂದವೇ ಬಿಡಿ. ಪೌಡರ್ ಸ್ನೋ ಎರಚುತ್ತಾ, ಅವಲಾಂಚ್ ಹಾಕುತ್ತಾ, ತನ್ನ ಎರಡು ಐಸ್ ಮೂವ್‌ಗಳಿಂದ (ಹೊಡೆತಗಳಿಂದ) ಬಾಸ್‌ನ ಆಯಸ್ಸಿನ ಪಟ್ಟಿ ಕಣ್ಣೆದುರೇ ಕೊರೆದು ಹಾಕಿತು. ಆಮೇಲೆ ಬಾಸ್‌ನ ಒಂದು ಔಟ್‌ರೇಜ್ ಬಿತ್ತು, ಅದರ ಹಿಂದೆ ಇನ್ನೊಂದು. ಮುಕ್ಕಾಲು ನಿಮಿಷಕ್ಕೂ ಮೊದಲೇ ನಲವತ್ತು ಮಲಗಿತು. ಉಳಿದಿದ್ದು ಲೆವೆಲ್ 20ರ ಐದು ಮರಿಗಳು. ಅವು ಒಂದರ ಹಿಂದೆ ಒಂದು ಬಸ್ಸಿನಿಂದ ಇಳಿದವರ ಹಾಗೆ ಇಳಿದು ಹೋದವು. ತಮ್ಮ ಲಾಬಿಗೆ ವಾಪಸ್ ಬಂದು, ರಿವೈವ್ ಕೊಟ್ಟು, ಮತ್ತೆ ಒಳಗೆ ಹೋಗುವಷ್ಟರಲ್ಲಿ ಗಡಿಯಾರ ಓಡಿಯೇ ಬಿಟ್ಟಿತ್ತು. ಬಾಸ್‌ನ ಪಟ್ಟಿಯಲ್ಲಿ ಕೆಂಪು ಗೆರೆಯೊಂದು ಉಳಿದಿರುವಾಗಲೇ ಸಮಯ ಮುಗಿಯಿತು.

ನನ್ನ ಸರದಿಯೂ ಸರಾಗವಾಗಿ ಏನೂ ಆಗಲಿಲ್ಲ. ಲಾಬಿಯಲ್ಲಿ ಸಿಗುವ ಎರಡು ನಿಮಿಷದಲ್ಲಿ ತಂಡವನ್ನು ಇನ್ನೊಮ್ಮೆ ನೋಡಿದೆ. ಮೂರನೇ ಮ್ಯಾಮೊಸ್ವೈನ್ ಮೂವ್‌ಗಳು ಮಡ್ ಸ್ಲ್ಯಾಪ್, ಬುಲ್‌ಡೋಜ್! ಎರಡೂ ನೆಲದ ಮೂವ್. ಆಕಾಶದಲ್ಲಿ ತೇಲುವವನಿಗೆ ನೆಲ ಅದುರಿಸಿ ತೋರಿಸಿದರೆ ಏನು ಬಂತು? 75,000 ಡಸ್ಟ್ ಸುರಿಯುವಾಗ ಮೂವ್ ನೋಡಬೇಕು ಅಂತ ಹೊಳೆಯಲಿಲ್ಲ ನನಗೆ. ಅವಸರದಲ್ಲಿ ಮೂವ್ ಬದಲಿಸುವ ಟಿಎಂ ಹಾಕಿದೆ. ಚಾರ್ಜ್ಡ್ ಟಿಎಂ ಮೊದಲ ಸಲ ಸ್ಟೋನ್ ಎಡ್ಜ್ ಕೊಟ್ಟಿತು, ಎರಡನೇ ಸಲ ಅವಲಾಂಚ್ ಬಂತು. ಫಾಸ್ಟ್ ಟಿಎಂ ಒಂದರಲ್ಲೇ ಪೌಡರ್ ಸ್ನೋ ಆಯಿತು. ಲಾಬಿ ಗಡಿಯಾರದಲ್ಲಿ ಆಗ ಹನ್ನೊಂದು ಸೆಕೆಂಡ್.

ಮೊದಲ ಮೂರು ಹಂದಿಗಳು ಯಾರೂ ಚಪ್ಪಾಳೆ ತಟ್ಟುವ ಹಾಗೆ ಆಡಲಿಲ್ಲ. ಆದರೆ ಒಂದು ಬಿದ್ದರೆ ಅದೇ ಜೋರಿನ ಇನ್ನೊಂದು ಬಂತು, ಅದು ಬಿದ್ದರೆ ಮತ್ತೊಂದು. ನನ್ನ ತಂಡ ಪೂರ್ತಿ ಮುಗಿದಾಗ ತಮ್ಮನದು ಮುಗಿದ ಹೊತ್ತಿಗಿಂತ ಅರ್ಧ ನಿಮಿಷ ತಡವಾಗಿತ್ತು. ಎಬ್ಬಿಸಿಕೊಂಡು ಎರಡನೇ ಸಲ ಒಳಗೆ ಹೋದೆ. ಹದಿನಾಲ್ಕು ಸೆಕೆಂಡ್ ಉಳಿದಿರುವಾಗ ರೇಕ್ವೇಜಾ ಬಿತ್ತು. ಪಕ್ಕದ ಮನೆ ಹುಡುಗ ತಮ್ಮನ ಮುಖ ನೋಡಿದ. ತಮ್ಮ ಕೆರೆ ನೋಡಿದ.

ಇದರಲ್ಲಿ ಜಾದೂ ಏನಿಲ್ಲ. ಲೆವೆಲ್ 20ರಿಂದ 30ಕ್ಕೆ ಹೋದರೆ ದಾಳಿ, ರಕ್ಷಣೆ, ಆಯಸ್ಸು ಮೂರೂ ಸುಮಾರು 22% ಏರುತ್ತವೆ. 30ರಿಂದ 40ಕ್ಕೆ ಏರುವುದು ಬರೀ 8%. ಆದರೆ ಆ 8%ಗೆ ಕೊಡಬೇಕಾದ ಡಸ್ಟ್ 1,50,000, ಮೊದಲ ಹತ್ತು ಲೆವೆಲ್‌ಗೆ ಕೊಟ್ಟಿದ್ದಕ್ಕೆ ಸರಿಯಾಗಿ ಎರಡು ಪಟ್ಟು. ರೇಡ್‌ನಲ್ಲಿ ಆರೂ ಪೋಕೆಮಾನ್ ಸಾಲಾಗಿ ಬರಬೇಕು, ಒಂಟಿ ಎತ್ತು ಕಟ್ಟಿ ಹೊಲ ಉತ್ತ ಹಾಗಲ್ಲ.

ಶ್ಯಾಡೋ ಬಗ್ಗೆಯೂ ಒಂದು ಮಾತು. ರಾಕೆಟ್ ತಂಡ ಎಂಬ ಆಟದ ಖಳರಿಂದ ಬಿಡಿಸಿಕೊಂಡ ಒಂದು ಶ್ಯಾಡೋ ಮ್ಯಾಮೊಸ್ವೈನ್ ನನ್ನ ಹತ್ತಿರ ಇದೆ. ದಾಳಿ 20% ಜಾಸ್ತಿ, ಏಟು ತಿನ್ನುವುದೂ ಅಷ್ಟೇ ಜಾಸ್ತಿ, ಏರಿಸುವ ಖರ್ಚೂ 20% ಜಾಸ್ತಿ, ಅಂದರೆ 75,000 ಬದಲು 90,000. ಬಾಸ್‌ನ ಪಟ್ಟಿ ಬೇಗ ಇಳಿಯುವುದು ನಿಜ. ಆದರೆ ಅದು ಫ್ರಸ್ಟ್ರೇಶನ್ ಎಂಬ ದರಿದ್ರ ಮೂವ್ ಜೊತೆ ಬರುತ್ತದೆ. ರಾಕೆಟ್ ತಂಡದ ವಿಶೇಷ ದಿನಗಳಲ್ಲಿ ಬಿಟ್ಟರೆ ಟಿಎಂ ಹಾಕಿ ಅದನ್ನು ತೆಗೆಯಲು ಆಗಲ್ಲ. ನನಗೆ ಆ ದಿನ ತಪ್ಪಿಹೋಗಿತ್ತು. ನಾಳೆ ರೇಡ್, ಇವತ್ತು ತಯಾರಿ ಅನ್ನುವವರಿಗೆ ಶ್ಯಾಡೋ ಅಲ್ಲ.

ಇನ್ನು ಹವಾಮಾನ. ಐಸ್ ಮೂವ್‌ಗಳಿಗೆ 20% ಹೆಚ್ಚು ಬಲ ಬರುವುದು ಹಿಮ ಬಿದ್ದಾಗ. ತುಮಕೂರಲ್ಲಿ ಹಿಮ! ಈ ಜನ್ಮಕ್ಕೆ ಆ 20% ನಮ್ಮದಲ್ಲ. ಆದರೆ ಆಷಾಢದ ಗಾಳಿ ಎದ್ದರೆ ಡ್ರ್ಯಾಗನ್, ಫ್ಲೈಯಿಂಗ್ ಎರಡಕ್ಕೂ ಬಲ, ಅಂದರೆ ರೇಕ್ವೇಜಾಗೆ ಹಬ್ಬ. ಸಂಜೆ ಕೆರೆ ಏರಿಯ ಮೇಲೆ ದುಪಟ್ಟಾ ನಿಲ್ಲದಷ್ಟು ಗಾಳಿ ಬಂದು, ಆಟದಲ್ಲೂ ಗಾಳಿಯ ಚಿಹ್ನೆ ಕಂಡರೆ ನಾವು ಇಬ್ಬರೇ ಹೋಗಲ್ಲ, ನಾಲ್ಕು ಜನ ಸೇರಲಿ ಅಂತ ಕಾಯುತ್ತೇವೆ. ಕಾದಿದ್ದಕ್ಕೆ ಲಾಭವೂ ಇದೆ. ಗಾಳಿಯಲ್ಲಿ ಸಿಗುವ ರೇಕ್ವೇಜಾ ಲೆವೆಲ್ 20ರ ಬದಲು 25ಕ್ಕೆ ಸಿಗುತ್ತದೆ. ಅಷ್ಟು ಡಸ್ಟ್ ಉಳಿಯಿತು ಅಂದುಕೊಳ್ಳಿ.

ಇಷ್ಟೆಲ್ಲ ಬರೆದರೂ ತಮ್ಮನಿಗೆ ಒಂದು ಕಡೆ ಸೋತಿದ್ದೇನೆ. ರಾಕೆಟ್ ನಾಯಕರ ಜೊತೆ ಕಾದಾಡುವಾಗ ತಂಡದಲ್ಲಿ ಮೂರೇ ಪೋಕೆಮಾನ್, ಎದುರಿನವರಿಗೆ ದೊಡ್ಡ ಹೊಡೆತ ತಡೆಯುವ ಎರಡು ಶೀಲ್ಡ್. ಅಲ್ಲಿ ಸಾಲು ಲೆಕ್ಕಕ್ಕಿಲ್ಲ, ಮೊದಲು ನಿಂತವನು ಎಷ್ಟು ಹೊತ್ತು ನಿಲ್ಲುತ್ತಾನೆ ಅನ್ನುವುದೇ ಎಲ್ಲ. ತಮ್ಮನ ಹತ್ತಿರ ಹಿಂದೆ ಯಾವಾಗಲೋ ನಲವತ್ತಕ್ಕೆ ಏರಿಸಿದ ಮಚಾಂಪ್ ಇದೆ. ಅದರ ಕ್ರಾಸ್ ಚಾಪ್ ಎಂಬ ಹೊಡೆತ ಬೇಗ ತುಂಬುತ್ತದೆ. ಎರಡು ಸಲ ಹೊಡೆದು ಎರಡೂ ಶೀಲ್ಡ್ ಕಳಚಿಸುತ್ತಾನೆ, ಪ್ರತಿ ಹೊಡೆತದ ನಂತರ ನಾಯಕ ಕ್ಷಣ ಹೊತ್ತು ಪೆಚ್ಚಾಗಿ ನಿಲ್ಲುತ್ತಾನಲ್ಲ, ಆ ಸಂದಿನಲ್ಲಿ ಇನ್ನಷ್ಟು ಬಡಿಯುತ್ತಾನೆ. ನನ್ನ ಲೆವೆಲ್ 30ರ ಮಚಾಂಪ್ ಅದೇ ಆಟ ಆಡಿ ಎರಡನೇ ಶೀಲ್ಡ್ ತೆಗೆಯುವ ಮೊದಲೇ ಮೂರು ಸಲ ಬಿದ್ದಿದೆ. ಮೊನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಆರ್ಲೋ ಎಂಬ ರಾಕೆಟ್ ನಾಯಕನ ಕೈಯಲ್ಲಿ ನಾನು ಸೋತೆ. ಅವನು ಚಟ್ನಿ ಹಾಕಿಸಿಕೊಳ್ಳುತ್ತಾ, ಒಂದೇ ಕೈಯಲ್ಲಿ ಅದೇ ಆರ್ಲೋನನ್ನು ಮುಗಿಸಿದ.

"ಅಕ್ಕಾ, ರೇಡ್‌ಗೆ ನಿನ್ನ ದಾರಿ, ರಾಕೆಟ್‌ಗೆ ನನ್ನ ದಾರಿ. ಡಸ್ಟ್ ಮಾತ್ರ ಇಬ್ಬರದೂ ಖಾಲಿ" ಅಂದ.

ನನ್ನ ಖಾತೆಯಲ್ಲಿ ಈಗ ಇರುವುದು 41,300. ನಾಲ್ಕನೇ ಹಂದಿಯನ್ನು ಮೂವತ್ತಕ್ಕೆ ಏರಿಸಲು ಇನ್ನೂ 33,700 ಬೇಕು. ಈ ಸಲ ಮೊದಲೇ ಮೂವ್ ನೋಡಿಕೊಂಡಿದ್ದೇನೆ.