ಕೊನೇ ಮನೆಯ ನಲ್ಲಿ: ನಮ್ಮ ಬಡಾವಣೆಯ ನೀರಿಗೆ ನನ್ನ ರಿವ್ಯೂ

ಒಂದು ಫೋನ್ ಕೊಳ್ಳಬೇಕಾದರೆ ಇಪ್ಪತ್ತು ಜನರ ಅಭಿಪ್ರಾಯ ಓದುತ್ತೇವೆ. ದಿನಾ ಕುಡಿಯುವ ನೀರಿನ ವಿಷಯಕ್ಕೆ ಬಂದರೆ ಪಕ್ಕದ ಮನೆಯವರು "ಚೆನ್ನಾಗಿದೆ" ಅಂದರೆ ಸಾಕು, ಬಿಂದಿಗೆ ಹಿಡಿದುಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಈ ನಲ್ಲಿ ನೀರನ್ನು ಎರಡು ವರ್ಷ ಕುಡಿದು, ಒಂದು ಮಳೆಗಾಲ ಅದರಿಂದ ಒದ್ದಾಡಿ, ಆಮೇಲೆ ಆರು ತಿಂಗಳು ವಾರವಾರ ಪರೀಕ್ಷೆ ಮಾಡಿ ನೋಡಿ ಈಗ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಹೇಗಿದೆ ಹೇಳಿಬಿಡುತ್ತೇನೆ. ಸುಮಾರು ನೂರಿಪ್ಪತ್ತು ಮನೆ. ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಎರಡು ಲೈನ್. ಬೆಳಿಗ್ಗೆ ಮೇಲಿನ ಲೈನಿಗೆ ಒಂದು ಗಂಟೆ, ಅದು ಮುಗಿದ ಮೇಲೆ ಕೆಳಗಿನ ಲೈನಿಗೆ ಒಂದು ಗಂಟೆ. ನೀರು ಬಿಡುವವರು ಒಬ್ಬರೇ. ನಮ್ಮದು ಕೆಳಗಿನ ಲೈನಿನ ಕೊನೇ ಮನೆ. ಟ್ಯಾಂಕಿನ ಪಕ್ಕದ ಮನೆಯವರು ರಿವ್ಯೂ ಬರೆದರೆ ಇದೇ ನೀರಿಗೆ ಐದಕ್ಕೆ ಐದು ಕೊಡುತ್ತಾರೆ. ಅವರೇನೂ ಸುಳ್ಳು ಹೇಳುವುದಿಲ್ಲ, ಅವರ ಮನೆಗೆ ಬರುವ ನೀರೇ ಬೇರೆ.

ನೋಡೋಕೆ ನೀರು ಚೆನ್ನಾಗಿಯೇ ಇದೆ. ಲೋಟದಲ್ಲಿ ಹಿಡಿದರೆ ಕನ್ನಡಿ ತರ. ಕೆಟ್ಟ ವಾಸನೆ ಇಲ್ಲ. ಸ್ವಲ್ಪ ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ, ಅದರಿಂದ ಆರೋಗ್ಯಕ್ಕೆ ತೊಂದರೆ ಇಲ್ಲ. ಕೆಲವೊಮ್ಮೆ ನೀರು ಹಾಲಿನ ಹಾಗೆ ಬೆಳ್ಳಗೆ ಬರುತ್ತದೆ. ಆಗ ಹೆದರಬೇಡಿ, ಲೋಟ ಒಂದು ನಿಮಿಷ ಸುಮ್ನೆ ಇಟ್ಟು ನೋಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಬರೀ ಗಾಳಿ ಗುಳ್ಳೆ. ಬಿಳಿ ಪುಡಿ ತಳಕ್ಕೆ ಕೂತರೆ ಮಾತ್ರ ವಿಚಾರಿಸಬೇಕು.

ಕಳೆದ ಮಳೆಗಾಲದಲ್ಲಿ ಒಂದು ವಾರ ನಮ್ಮ ಮಗಳಿಗೆ ವಾಂತಿ ಭೇದಿ. ಹೊರಗೆ ಏನೋ ತಿಂದಿರಬೇಕು ಅಂದುಕೊಂಡೆವು. ಎರಡು ದಿನ ಬಿಟ್ಟು ಎದುರು ಮನೆಯ ಅಜ್ಜಿಗೂ ಶುರುವಾಯಿತು, ಅವರು ಹೊರಗೆ ಹೋಗುವವರೇ ಅಲ್ಲ. ಆಮೇಲೆ ಪಕ್ಕದ ಮನೆಯ ಇಬ್ಬರು ಮಕ್ಕಳು. ಒಂದು ಹಾಳೆ ತೆಗೆದುಕೊಂಡು ಯಾವ ಯಾವ ಮನೆ ಅಂತ ಗುರುತು ಹಾಕಿದೆ. ಒಟ್ಟು ಐದು ಮನೆ. ಐದೂ ಕೆಳಗಿನ ಲೈನಿನ ತುದಿಯವು. ಮೇಲಿನ ಲೈನಿನಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ನಿರ್ವಹಣೆ ಮಾಡುವವರಿಗೆ ಹೇಳಿದಾಗ ಬಂದ ಉತ್ತರ: "ಬೇರೆ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ, ಟಿಡಿಎಸ್ ಚೆಕ್ ಮಾಡಿದ್ದೀವಿ, ಸರಿಯಾಗಿದೆ." ಈ ಟಿಡಿಎಸ್ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಆ ಪೆನ್ನಿನಂಥ ಮೀಟರ್ ನೀರಿನಲ್ಲಿ ಅದ್ದಿ, ನಂಬರ್ ಕಡಿಮೆ ಬಂತು ಅಂತ ಸಮಾಧಾನವಾಗಿ ಕೂತಿದ್ದರು. ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಅದರಿಂದ ಕರಗಿದ ಉಪ್ಪಿನ ಅಂದಾಜು ಸಿಗುತ್ತದೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯೋಕೆ ಹಿಡಿಸುವುದಿಲ್ಲ. ಇದು ರುಚಿಯ ಲೆಕ್ಕ. ಚರಂಡಿ ನೀರು ಒಂದು ಲೋಟದಷ್ಟು ಟ್ಯಾಂಕಿಗೆ ಬಿದ್ದರೂ ಆ ಮೀಟರಿಗೆ ಗೊತ್ತಾಗುವುದಿಲ್ಲ. ಕ್ರಿಮಿ ಕಾಣುವುದಿಲ್ಲ, ಆರ್ಸೆನಿಕ್‌ನಂಥ ವಿಷ ಇದೆಯಾ ಇಲ್ಲವಾ ಹೇಳುವುದಿಲ್ಲ.

ಹಾಗಾಗಿ ಎರಡು ಕಿಟ್ ತರಿಸಿದೆ. ಒಂದು, ಕ್ರಿಮಿ ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ಎಷ್ಟು ಉಳಿದಿದೆ ಅಂತ ನೋಡುವ ಡಿಪಿಡಿ ಕಿಟ್. ಪುಟ್ಟ ಗಾಜಿನ ಟ್ಯೂಬಿನಲ್ಲಿ ಗುರುತಿನವರೆಗೆ ನೀರು ತುಂಬಿ ಒಂದು ಮಾತ್ರೆ ಪುಡಿ ಮಾಡಿ ಹಾಕಬೇಕು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರುತ್ತದೆ, ಜಾಸ್ತಿ ಇದ್ದಷ್ಟೂ ಗಾಢ. ಪಕ್ಕದ ಬಣ್ಣದ ಪಟ್ಟಿಯ ಜೊತೆ ಹೋಲಿಸಿ ಓದಿಕೊಳ್ಳುವುದು. ಬಣ್ಣ ಹಳದಿಗೆ ತಿರುಗುವ ಇನ್ನೊಂದು ತರದ ಕಿಟ್ ಕೂಡ ಇದೆ, ಆದರೆ ಅದರ ದ್ರಾವಣ ಮೈಗೆ ಒಳ್ಳೆಯದಲ್ಲ, ಉಳಿದಿರುವ ಕ್ಲೋರಿನ್ ಅನ್ನು ಸರಿಯಾಗಿ ಬೇರೆ ಮಾಡಿಯೂ ತೋರಿಸುವುದಿಲ್ಲ. ಎರಡನೆಯದು ಎಚ್2ಎಸ್ ಬಾಟಲಿ. 1982ರಲ್ಲಿ ಭಾರತದ ವಿಜ್ಞಾನಿಗಳೇ ರೂಪಿಸಿದ ಪರೀಕ್ಷೆ ಇದು. ಬಾಟಲಿಯಲ್ಲಿ ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಮೂಲಕ ಬರುವ ಬ್ಯಾಕ್ಟೀರಿಯಾ ಇರಬಹುದು ಅಂತ ಅರ್ಥ.

ಮೇಲಿನ ಲೈನಿನ ಮೊದಲ ಮನೆಯ ನೀರು ಹಾಕಿದ ತಕ್ಷಣ ಟ್ಯೂಬ್ ಗಾಢ ಗುಲಾಬಿಯಾಯಿತು. ನಮ್ಮ ಮನೆ ನೀರಿಗೆ ಮಾತ್ರೆ ಹಾಕಿ ಐದು ನಿಮಿಷ ಬೆಳಕಿಗೆ ಹಿಡಿದುಕೊಂಡು ನಿಂತೆ. ಏನೂ ಇಲ್ಲ, ಬರೀ ನೀರು. ಅವತ್ತೇ ರಾತ್ರಿ ಎಚ್2ಎಸ್ ಬಾಟಲಿ ತುಂಬಿ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿಟ್ಟೆ. ಮರುದಿನ ಸಂಜೆ ತೆಗೆದರೆ ಪೂರ್ತಿ ಮಸಿ ಕಪ್ಪು, ಬಾಟಲಿಯ ಆಚೆ ಕಡೆಯ ಬೆರಳೂ ಕಾಣಿಸುತ್ತಿರಲಿಲ್ಲ. ಅದೇ ನಲ್ಲಿಯ ಕೆಳಗೆ ಮಗಳು ಅವತ್ತು ಬೆಳಿಗ್ಗೆ ಹಲ್ಲುಜ್ಜಿದ್ದಳು.

ಈ ಬಾಟಲಿ ಕೆಲವೊಮ್ಮೆ ಬೇರೆ ಕಾರಣಕ್ಕೂ ಕಪ್ಪಾಗಬಹುದು, ಹಾಗಾಗಿ ಅಷ್ಟಕ್ಕೇ ತೀರ್ಮಾನ ಮಾಡಬಾರದು. ಲ್ಯಾಬಿನವರನ್ನು ಕರೆಸಿದೆವು. ಅವರು ಸ್ಯಾಂಪಲ್ ತೆಗೆದ ರೀತಿ ನೋಡಿ ನನಗೆ ಖುಷಿಯಾಯಿತು. ನಲ್ಲಿಯ ಬಾಯಿಯನ್ನು ಬೆಂಕಿಯಿಂದ ಸುಟ್ಟು, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಸ್ಟೆರೈಲ್ ಬಾಟಲಿಯ ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದ ಹಾಗೆ ಹಿಡಿದು ತುಂಬಿದರು. ಬಾಟಲಿಯಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಇರುತ್ತದಂತೆ. ಇಲ್ಲದಿದ್ದರೆ ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲೂ ಕ್ರಿಮಿ ಕೊಲ್ಲುತ್ತಾ ಹೋಗಿ ರಿಪೋರ್ಟ್ ನಿಜಕ್ಕಿಂತ ಚೆನ್ನಾಗಿ ಬಂದುಬಿಡುತ್ತದೆ. ಆಮೇಲೆ ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಲ್ಯಾಬಿಗೆ ಒಯ್ದರು. ನೀವು ಹಳೇ ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಕೊಟ್ಟರೆ ಆ ರಿಪೋರ್ಟಿಗೆ ಬೆಲೆ ಇಲ್ಲ.

100 ಮಿಲಿಲೀಟರ್ ನೀರಿನಲ್ಲಿ ಇ ಕೊಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು, ಇದೇ ನಿಯಮ. ಟ್ಯಾಂಕಿನ ನೀರಿನಲ್ಲಿ ಒಂದೂ ಇರಲಿಲ್ಲ. ನಮ್ಮ ನಲ್ಲಿಯಲ್ಲಿ ಇತ್ತು. ಅಂದರೆ ಬೋರ್‌ವೆಲ್ ತಪ್ಪಲ್ಲ, ಟ್ಯಾಂಕ್ ತಪ್ಪಲ್ಲ, ದಾರಿಯಲ್ಲಿ ಏನೋ ಸೇರುತ್ತಿದೆ.

ಹುಡುಕಿದಾಗ ಚರಂಡಿ ದಾಟುವ ಜಾಗದಲ್ಲಿ ಪೈಪಿನ ಜಾಯಿಂಟ್ ಸಡಿಲವಾಗಿತ್ತು. ಅದರ ಹತ್ತಿರದ ವಾಲ್ವ್ ಗುಂಡಿಯಲ್ಲಿ ಮೊಣಕಾಲುದ್ದ ಬಗ್ಗಡ ನೀರು, ವಾಲ್ವ್ ಅದರೊಳಗೇ ಮುಳುಗಿತ್ತು. ನೀರು ಹರಿಯುತ್ತಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಆಗ ಬಿರುಕಿನಿಂದ ನೀರು ಹೊರಗೆ ಬರುತ್ತದೆ, ಒಳಗೆ ಏನೂ ಹೋಗುವುದಿಲ್ಲ. ಸಪ್ಲೈ ನಿಲ್ಲಿಸಿದಾಗ ಪೈಪ್ ಖಾಲಿಯಾಗುತ್ತಾ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ದಿನದ ಇಪ್ಪತ್ತಮೂರು ಗಂಟೆ ಆ ಪೈಪ್ ಖಾಲಿ. ಮಳೆ ಬಂದು ಚರಂಡಿ ತುಂಬಿದಾಗ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಕೆಲವು ಮನೆಯವರು ನೀರು ಸಾಲದು ಅಂತ ಲೈನಿಗೇ ಮೋಟರ್ ಹಾಕಿ ಎಳೆಯುತ್ತಾರಲ್ಲ, ಅದರಿಂದ ಈ ಹೀರಿಕೆ ಇನ್ನೂ ಜಾಸ್ತಿಯಾಗುತ್ತದೆ. ದಯವಿಟ್ಟು ಬೇಡ. ನಿಮ್ಮ ಸಂಪು ತುಂಬುತ್ತದೆ, ಜೊತೆಗೆ ಎಲ್ಲರ ಪೈಪಿಗೂ ಕೊಳೆ ಬರುತ್ತದೆ.

ಕ್ಲೋರಿನ್ ಯಾಕೆ ನಮ್ಮ ತನಕ ಬರುತ್ತಿರಲಿಲ್ಲ? ನೀರು ಬಿಡುವ ಅಣ್ಣನ ಜೊತೆ ಒಂದು ದಿನ ಬೆಳಿಗ್ಗೆ ಐದೂವರೆಗೆ ಟ್ಯಾಂಕ್ ಹತ್ತಿರ ಹೋಗಿ ನೋಡಿದೆ. ಕ್ಲೋರಿನ್‌ಗಾಗಿ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರ್ ಚೀಲದ ಬಾಯಿ ತೆರೆದೇ ಇತ್ತು. ಗಾಳಿ, ತೇವ, ಬಿಸಿಲು ತಾಗಿದರೆ ಅದರ ಶಕ್ತಿ ಇಳಿದುಹೋಗುತ್ತದೆ, ಕೊನೆಗೆ ಉಳಿಯುವುದು ಬರೀ ಸುಣ್ಣ. ಪೌಡರನ್ನು ಅಳತೆ ಇಲ್ಲದೆ ಟ್ಯಾಂಕಿಗೆ ಸುರಿದು ಆಗಲೇ ವಾಲ್ವ್ ತೆಗೆಯುತ್ತಿದ್ದರು. ಮೇಲಿನ ಲೈನಿಗೆ ಮೂಗು ಕಟ್ಟುವಷ್ಟು ವಾಸನೆ, ನಮ್ಮ ಸರದಿ ಬರುವ ಹೊತ್ತಿಗೆ ಏನೂ ಇಲ್ಲ. ಕ್ಲೋರಿನ್ ಎಷ್ಟಿದೆ ಅಂತ ದಿನಾ ಬರೆದಿಡುವ ಲಾಗ್‌ಬುಕ್ಕಿನಲ್ಲಿ ಮಾತ್ರ ಪ್ರತಿದಿನ ಒಂದೇ ಅಂಕಿ, ಲೀಟರಿಗೆ 0.2 ಮಿಲಿಗ್ರಾಂ. ನಾನು ಕೋಪದಲ್ಲೇ ಕೇಳಿದೆ, "ಅಣ್ಣಾ, ಇದು ಅಳೆದು ಬರೆದಿದ್ದಾ?" ಅವರು ತಲೆ ತಗ್ಗಿಸಿದರು. "ಇಲ್ಲ ಅಕ್ಕಾ. ಹಾಗೇ ಬರೀಬೇಕು ಅಂದ್ರು, ಬರೀತಿದ್ದೆ. ಅಳೆಯೋ ಸಾಮಾನು ಯಾರೂ ಕೊಟ್ಟಿಲ್ಲ." ನನ್ನ ಕಿಟ್ ಅವರ ಕೈಗೆ ಕೊಟ್ಟೆ. ಗುಲಾಬಿ ಬಣ್ಣ ಬಂದಾಗ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಹನ್ನೊಂದು ವರ್ಷದಿಂದ ನೀರು ಬಿಡುತ್ತಿರುವವರು, ಅವತ್ತೇ ಮೊದಲ ಸಲ ನೋಡಿದ್ದು.

ಲಾಗ್‌ಬುಕ್ ಚಿಕ್ಕ ವಿಷಯ ಅಂತ ಅನ್ನಿಸಿದರೆ ಕೆನಡಾದ ವಾಕರ್ಟನ್ ಊರಿನ ಕಥೆ ಕೇಳಿ. ಸುಮಾರು 5000 ಜನರ ಊರು. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆ ಬಂದು ಹೊಲದ ಗೊಬ್ಬರದ ಕೊಳೆ ಊರಿನ ಒಂದು ಬಾವಿಗೆ ಸೇರಿತು. ಆ ನೀರಿಗೆ ಸಾಕಷ್ಟು ಕ್ಲೋರಿನ್ ಬೀಳುತ್ತಿರಲಿಲ್ಲ, ಅಳೆಯದೇ ಪುಸ್ತಕದಲ್ಲಿ ಅಂಕಿ ತುಂಬುವುದು ವರ್ಷಗಳಿಂದ ಅಲ್ಲಿ ರೂಢಿಯಾಗಿತ್ತು ಅಂತ ಆಮೇಲೆ ವಿಚಾರಣೆಯಲ್ಲಿ ಹೊರಬಂತು. ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ದುಡ್ಡಿರುವ ದೇಶ, ಒಳ್ಳೆಯ ಲ್ಯಾಬುಗಳಿರುವ ದೇಶ.

ಈಗ ನಮ್ಮಲ್ಲಿ ಪೌಡರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಟ್ಟಿ ಮುಚ್ಚಳ ಹಾಕಿ ನೆರಳಿನಲ್ಲಿ ಇಡುತ್ತಾರೆ. ತೂಕ ಮಾಡಿ, ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ, ಟ್ಯಾಂಕ್ ತುಂಬುತ್ತಿರುವಾಗಲೇ ಹಾಕುತ್ತಾರೆ, ಆಗ ತಾನಾಗೇ ಬೆರೆಯುತ್ತದೆ. ಆಮೇಲೆ ಅರ್ಧ ಗಂಟೆ ವಾಲ್ವ್ ಮುಟ್ಟುವುದಿಲ್ಲ, ಕ್ಲೋರಿನ್ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಆ 30 ನಿಮಿಷದ ಕೊನೆಗೆ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು, ಮನೆ ನಲ್ಲಿಗೆ ಬರುವಾಗ ಕನಿಷ್ಠ 0.2 ಇರಬೇಕು ಅಂತ. ಜಾಯಿಂಟ್ ಬದಲಾಯಿತು, ಗುಂಡಿ ಕಟ್ಟಿ ಎತ್ತರಿಸಿದರು. ಬಗ್ಗಡ ನೀರು ಬಂದ ದಿನ ಮೊದಲು ಅದನ್ನು ಹೊರಗೆ ಬಿಡುತ್ತಾರೆ, ಯಾಕಂದರೆ ಕೆಸರೇ ಕ್ಲೋರಿನ್ ಅನ್ನು ತಿಂದುಹಾಕುತ್ತದೆ.

ಶುರುವಿನಲ್ಲಿ ವಾಸನೆ ಅಂತ ತಕರಾರು ಬಂತು. ಕೆಲವರ ನಾಲಿಗೆಗೆ 0.3 ಮಿಲಿಗ್ರಾಂ ಇದ್ದರೂ ಗೊತ್ತಾಗುತ್ತದೆ, ಅದು ನಿಜ. ಆದರೆ ಆರೋಗ್ಯದ ದೃಷ್ಟಿಯಿಂದ ಇಟ್ಟಿರುವ ಮಿತಿ 5 ಮಿಲಿಗ್ರಾಂ. ನೀರು ಹಿಡಿದು ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ವಾಸನೆ ಕಡಿಮೆಯಾಗುತ್ತದೆ. ನನಗಂತೂ ಈಗ ಆ ಸಣ್ಣ ವಾಸನೆ ಬಂದರೆ ನೆಮ್ಮದಿ.

ರಾಸಾಯನಿಕ ಪರೀಕ್ಷೆಯನ್ನೂ ಮಾಡಿಸಿದೆವು. ಫ್ಲೋರೈಡ್ ಲೀಟರಿಗೆ 0.8 ಮಿಲಿಗ್ರಾಂ ಬಂತು, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5. ನೈಟ್ರೇಟ್ 31, ಅದೇ ಸಂಸ್ಥೆಯ ಮಿತಿ 50, ಭಾರತದ ಮಾನದಂಡದಲ್ಲಿ 45. ಎರಡೂ ಒಳಗಿವೆ, ಆದರೆ ನೈಟ್ರೇಟ್ ಮೇಲೆ ಕಣ್ಣಿಟ್ಟಿರಬೇಕು, ಬಾಟಲಿ ಹಾಲು ಕುಡಿಯುವ ಪುಟ್ಟ ಮಕ್ಕಳಿಗೆ ಅದು ತುಂಬಾ ಅಪಾಯ. ಕುದಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ನಂಬಿಕೆ ಇದೆಯಲ್ಲ, ಅದು ಕ್ರಿಮಿಗಳಿಗೆ ಮಾತ್ರ ಸರಿ. ನೀರು ಚೆನ್ನಾಗಿ ಕೊತಕೊತ ಒಂದು ನಿಮಿಷ ಕುದ್ದರೆ ಅವು ಸಾಯುತ್ತವೆ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತವೆ.

"ನಮ್ಮನೇಲಿ ಫಿಲ್ಟರ್ ಇದೆ, ನಮಗ್ಯಾಕೆ" ಅಂದವರೂ ಇದ್ದರು. ಅದೇ ನನಗೆ ಎಲ್ಲಕ್ಕಿಂತ ಬೇಜಾರಾದ ಮಾತು. ಬಾಯಿ ಮುಕ್ಕಳಿಸುವುದು, ತರಕಾರಿ ತೊಳೆಯುವುದು, ಮಗುವಿಗೆ ಸ್ನಾನ ಮಾಡಿಸುವುದು ಎಲ್ಲಾ ನಲ್ಲಿ ನೀರಿನಲ್ಲೇ. ಎದುರು ಮನೆಯ ಅಜ್ಜಿಯ ಮನೆಯಲ್ಲಿ ಫಿಲ್ಟರ್ ಇಲ್ಲ. ಅವರಿಗೂ ಇದೇ ಪೈಪಿನ ನೀರು.

ಮಳೆಗಾಲದಲ್ಲಿ ಕೇಳಿದ್ದರೆ ಐದಕ್ಕೆ ಒಂದು ಕೊಡುತ್ತಿದ್ದೆ. ಈಗ ಮೂರೂವರೆ. ನೀರು ಬಿಡುವ ಅಣ್ಣನಿಗೆ ಮಾತ್ರ ಐದಕ್ಕೆ ಐದು, ಕಲಿತ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಒಂದೂವರೆ ಕಡಿಮೆ ಮಾಡಿದ್ದು ಯಾಕೆ ಅಂದರೆ, ಲ್ಯಾಬ್ ರಿಪೋರ್ಟನ್ನು ಬೋರ್ಡಿಗೆ ಹಾಕುತ್ತೇವೆ ಅಂದವರು ಇನ್ನೂ ಹಾಕಿಲ್ಲ, ಟ್ಯಾಂಕ್ ತೊಳೆದ ದಿನ ಯಾರಿಗೂ ಹೇಳುವುದಿಲ್ಲ, ದಿನಕ್ಕೆ ಒಂದೇ ಗಂಟೆ ಸಪ್ಲೈ ಅನ್ನುವುದು ಹಾಗೇ ಇದೆ, ಅದು ಇರುವ ತನಕ ಪೈಪ್ ಖಾಲಿಯಾಗುವುದೂ ತಪ್ಪುವುದಿಲ್ಲ. ನಿಮ್ಮಲ್ಲಿ ಪರೀಕ್ಷೆ ಮಾಡಿಸುವುದಾದರೆ ಟ್ಯಾಂಕಿನ ಜೊತೆಗೆ ಕೊನೇ ಮನೆಯ ನಲ್ಲಿಯಿಂದಲೂ ಸ್ಯಾಂಪಲ್ ತೆಗೆಯಿರಿ ಅಂತ ಹಟ ಹಿಡಿಯಿರಿ. ಮಳೆ ಬಂದ ಮರುದಿನವೇ ಆದರೆ ಇನ್ನೂ ಒಳ್ಳೆಯದು.

ಇವತ್ತು ಬೆಳಿಗ್ಗೆ ನೀರು ಬಂದ ಹತ್ತು ನಿಮಿಷಕ್ಕೆ ನಮ್ಮ ನಲ್ಲಿಯ ನೀರು ಅಳೆದೆ. ತೆಳು ಗುಲಾಬಿ, 0.3. ಟ್ಯೂಬ್ ಹಿಡಿದಿದ್ದವಳು ಮಗಳು.