ಪ್ಯಾರಿಸ್ ಓಡಾಟಕ್ಕೆ ವಾರದ ಪಾಸೋ, ಬಿಡಿ ಟಿಕೆಟ್ಟೋ, ಪ್ರವಾಸಿ ಪಾಸೋ?

ಪ್ಯಾರಿಸ್‌ಗೆ ಮೊದಲ ಸಲ ಹೊರಟವರು ಸಲಹೆ ಕೇಳಿದರೆ, ಐಫೆಲ್ ಗೋಪುರದ ಟಿಕೆಟ್ಟಿಗಿಂತ ಮೊದಲು ನಾನು ಓಡಾಟದ ಪಾಸಿನ ಮಾತೆತ್ತುತ್ತೇನೆ. ಸೋಮವಾರ, ಮಂಗಳವಾರ ಅಥವಾ ಬುಧವಾರ ಇಳಿಯುವುದಾದರೆ ಬೇರೆ ಯೋಚನೆಯೇ ಬೇಡ, ಅಲ್ಲಿನ ಮೆಟ್ರೋ, ಬಸ್ಸುಗಳಿಗೆ ಬಳಸುವ ನಾವಿಗೋ ಎಂಬ ಕಾರ್ಡಿನ ವಾರದ ಪಾಸು ಮಾಡಿಸಿಕೊಳ್ಳಿ. ನಮ್ಮ ಮನೆಯವರು ಒಂದೇ ವಾರದಲ್ಲಿ ಮೂರು ಬಗೆಯ ಟಿಕೆಟ್ ಹಿಡಿದು ಆ ಊರು ಸುತ್ತಿದ್ದೇವೆ. ಅತ್ತೆ ಮತ್ತು ನನ್ನ ಬಳಿ ವಾರದ ಪಾಸು ಇತ್ತು. ಅಣ್ಣ, ಅತ್ತಿಗೆ ಬೆಂಗಳೂರಿನ ಏಜೆಂಟರ ಮಾತಿನಂತೆ ಪ್ಯಾರಿಸ್ ವಿಸಿಟ್ ಎಂಬ ಪ್ರವಾಸಿ ಪಾಸು ಕೊಂಡಿದ್ದರು. ಕಚೇರಿ ಕೆಲಸಕ್ಕೆಂದು ಜರ್ಮನಿಗೆ ಹೋಗಿದ್ದ ನನ್ನ ಗಂಡ ಶುಕ್ರವಾರ ರೈಲಿನಲ್ಲಿ ಬಂದು ನಮ್ಮನ್ನು ಸೇರಿದರು. ಅವರದು ನಾವಿಗೋ ಈಸಿ ಕಾರ್ಡಿಗೆ ತುಂಬಿಸಿಕೊಂಡ ಬಿಡಿ ಟಿಕೆಟ್.

ಮೊದಲು ದುಡ್ಡಿನ ಲೆಕ್ಕ. ಇಲ್ಲಿ ಹೇಳುವ ಬೆಲೆಗಳೆಲ್ಲ 2025ರವು. ಪ್ರತಿ ಜನವರಿಯಲ್ಲಿ ಸ್ವಲ್ಪ ಏರುತ್ತದೆ. ವಾರದ ಪಾಸಿಗೆ 31.60 ಯೂರೋ, ಅದನ್ನು ತುಂಬಿಸಿಕೊಳ್ಳುವ ನಾವಿಗೋ ದೆಕುವೆರ್ತ್ ಕಾರ್ಡಿಗೆ 5 ಯೂರೋ. ಒಟ್ಟು 36.60. ಬಿಡಿ ಟಿಕೆಟ್ಟಿನಲ್ಲಿ ವಿಮಾನ ನಿಲ್ದಾಣದಿಂದ ಊರಿಗೆ 13 ಯೂರೋ, ಹೋಗಿ ಬರಲು 26. ಮೆಟ್ರೋ ಅಥವಾ ಉಪನಗರಗಳಿಗೂ ಓಡುವ ಆರ್‌ಇಆರ್ ರೈಲಿನ ಪ್ರತಿ ಪ್ರಯಾಣಕ್ಕೆ 2.50. ಅಂದರೆ ಊರೊಳಗೆ ಐದನೆಯ ಸಲ ರೈಲು ಹತ್ತಿದ ಗಳಿಗೆಯಿಂದಲೇ ವಾರದ ಪಾಸು ಲಾಭ. ವರ್ಸೈ ಅರಮನೆಗೆ ಆರ್‌ಇಆರ್ ಸಿ ಮಾರ್ಗದಲ್ಲಿ ಹೋಗಿ ಬರುವುದು, ಮೊಂಮಾರ್ತ್ರ್ ಗುಡ್ಡ ಹತ್ತಿಸುವ ಫ್ಯೂನಿಕ್ಯುಲರ್, ಊರಿನ ಬಸ್ಸು, ಟ್ರಾಮು ಎಲ್ಲವೂ ಅದರಲ್ಲೇ ಸೇರಿವೆ.

ಪ್ಯಾರಿಸ್ ವಿಸಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಮೂರು ದಿನದ ಪಾಸೇ ನಮ್ಮ ಇಡೀ ವಾರದ ಪಾಸಿನ ಸುಮಾರು ಎರಡು ಪಟ್ಟು ಬೆಲೆ. ಯಾವ ದಿನ ಬೇಕಾದರೂ ಆರಂಭಿಸಬಹುದು, ಕೆಲವು ಪ್ರೇಕ್ಷಣೀಯ ಸ್ಥಳಗಳಲ್ಲಿ ರಿಯಾಯಿತಿ ಕೊಡುತ್ತಾರೆ. ಆ ರಿಯಾಯಿತಿ ಅಣ್ಣನಿಗೆ ಬೇಕಾಗಿದ್ದ ಜಾಗಗಳಲ್ಲಿ ಇರಲಿಲ್ಲ. ಬೆಂಗಳೂರಿನಲ್ಲೇ ಮುಂಚಿತವಾಗಿ ಮಾರಲು ಅನುಕೂಲವಾದ ಪಾಸು ಅದು, ಆದ್ದರಿಂದ ಎಲ್ಲರೂ ಅದನ್ನೇ ಮುಂದಿಡುತ್ತಾರೆ.

ವಾರದ ಪಾಸಿನ ತೊಡಕು ಮಾತ್ರ ವಿವರವಾಗಿ ಹೇಳಬೇಕಾದದ್ದು. ಅದರ ವಾರ ನಾವು ಇಳಿದ ದಿನದಿಂದ ಆರಂಭವಾಗುವ ಏಳು ದಿನಗಳಲ್ಲ. ಸೋಮವಾರ ಬೆಳಗಿನ ಜಾವದಿಂದ ಭಾನುವಾರ ಮಧ್ಯರಾತ್ರಿಯವರೆಗೆ, ಅಷ್ಟೇ. ಬುಧವಾರ ಕೊಂಡರೂ ಭಾನುವಾರಕ್ಕೆ ಮುಗಿಯುತ್ತದೆ. ನಡೆಯುತ್ತಿರುವ ವಾರದ ಪಾಸನ್ನು ಗುರುವಾರದವರೆಗೆ ಮಾತ್ರ ಕೊಡುತ್ತಾರೆ. ಶುಕ್ರವಾರದಿಂದ ಮುಂದಿನ ವಾರದ್ದು ಮಾರಾಟಕ್ಕೆ ಬರುತ್ತದೆ. ಹಾಗಾಗಿಯೇ ಶುಕ್ರವಾರ ಬಂದ ನನ್ನ ಗಂಡನಿಗೆ ಅದು ಸಿಗುವಂತಿರಲಿಲ್ಲ. ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಕ್ಯಾಲೆಂಡರ್ ನೋಡಿ. ನಾವು ಶನಿವಾರದ ಬದಲು ಸೋಮವಾರ ಇಳಿಯುವ ವಿಮಾನ ಆರಿಸಿದ್ದು ಈ ಒಂದೇ ಕಾರಣಕ್ಕೆ.

ಇನ್ನು ಫೋಟೋ. ದೆಕುವೆರ್ತ್ ಕಾರ್ಡಿನ ಮೇಲೆ ಅಗಲ 25, ಎತ್ತರ 30 ಮಿಲಿಮೀಟರ್ ಅಳತೆಯ ಭಾವಚಿತ್ರ ಅಂಟಿಸಲೇಬೇಕು. ವೀಸಾಕ್ಕೆ ತೆಗೆಸಿ ಉಳಿದ ಫೋಟೋ ಕೈಚೀಲದಲ್ಲಿ ಇದ್ದೇ ಇರುತ್ತದಲ್ಲ ಎನ್ನಬೇಡಿ. ಷೆಂಗೆನ್ ವೀಸಾದ ಫೋಟೋ 35ಕ್ಕೆ 45 ಮಿಲಿಮೀಟರಿನದು, ಮುಖವೇ ಚೌಕಟ್ಟನ್ನೆಲ್ಲ ತುಂಬಿರುತ್ತದೆ. ಕತ್ತರಿಸಿದರೆ ಹಣೆಯೋ ಗಲ್ಲವೋ ಹೋಗುತ್ತದೆ. ಮೈಸೂರಿನ ನಮ್ಮ ಬೀದಿಯ ಸ್ಟುಡಿಯೋದವರಿಗೆ ಅಳತೆ ಬರೆದುಕೊಟ್ಟು ಆ ಗಾತ್ರದಲ್ಲೇ ಮುದ್ರಿಸಿಕೊಂಡೆವು. ವಿಮಾನ ನಿಲ್ದಾಣದ ರೈಲು ಕೌಂಟರಿನಲ್ಲಿ ನಮ್ಮ ಮುಂದಿದ್ದ ಒಂದು ಕುಟುಂಬ ಫೋಟೋ ಇಲ್ಲದೆ ಸಾಲು ಬಿಟ್ಟು ಹೋಗಬೇಕಾಯಿತು. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು, ಜೊತೆಯಲ್ಲಿ ನಿದ್ದೆಗಣ್ಣಿನ ಮಗು. ನೋಡಿ ಸಂಕಟವಾಯಿತು.

ಫೋಟೋ ಅಂಟಿಸಿ, ಹೆಸರು ಬರೆದು, ಸಹಿ ಹಾಕಿದರೆ ಮಾತ್ರ ಕಾರ್ಡು ಸಿಂಧು. ಹೆಸರಿನ ಜಾಗದಲ್ಲಿ ಅತ್ತೆ ತಡವರಿಸಿದರು. ನಮ್ಮ ಕಡೆಯ ಹಿರಿಯರಿಗೆ ಊರಿನದೂ ತಂದೆಯದೂ ಸೇರಿ ಎರಡು ಇನಿಷಿಯಲ್. ಅಲ್ಲಿ ಕುಲನಾಮ ಒಂದು ಸಾಲು, ಸ್ವಂತ ಹೆಸರು ಒಂದು ಸಾಲು. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ, ಅಷ್ಟು ಸಾಕು. ಬರೆದ ಮೇಲೆ ಆ ಕಾರ್ಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಮೆಟ್ರೋ ಸುರಂಗದ ತಿರುವುಗಳಲ್ಲಿ ತಪಾಸಣೆಯವರು ಗುಂಪಾಗಿ ನಿಂತಿರುತ್ತಾರೆ. ಫೋಟೋ ಇಲ್ಲದ ಕಾರ್ಡು ಕಂಡರೆ ಪಾಸಿಗೆ ದುಡ್ಡು ಕೊಟ್ಟಿದ್ದರೂ ದಂಡ ಹಾಕುತ್ತಾರೆ. ಬಸ್ಸು ಹತ್ತಿದಾಗಲೂ ನೇರಳೆ ಬಣ್ಣದ ಯಂತ್ರಕ್ಕೆ ಕಾರ್ಡು ಮುಟ್ಟಿಸುವುದು ಕಡ್ಡಾಯ.

ಇಷ್ಟೆಲ್ಲ ಇದ್ದರೂ ವಾರದ ಪಾಸೇ ಏಕೆ? ಅತ್ತೆಯ ಮಂಡಿನೋವೇ ಅದಕ್ಕೆ ಉತ್ತರ. ಪ್ಯಾರಿಸ್ ಮೆಟ್ರೋ 1900ರಲ್ಲಿ ಆರಂಭವಾದದ್ದು. ಹಳೆಯ ನಿಲ್ದಾಣಗಳು ಬಹುತೇಕ ಮೆಟ್ಟಿಲುಗಳೇ, ಲಿಫ್ಟು ಇರುವುದು ಕಡಿಮೆ. ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಿಸುವಾಗ ಉದ್ದನೆಯ ಓಣಿಗಳಲ್ಲಿ ಏರಿ ಇಳಿಯುತ್ತಲೇ ಇರಬೇಕು. ಅವರಿಗೆ ಬಸ್ಸೇ ಸುಖ. ಬಿಡಿ ಟಿಕೆಟ್ಟಿನಲ್ಲಿ ಬಸ್ಸಿನದೇ ಬೇರೆ, ಮೆಟ್ರೋದ್ದೇ ಬೇರೆ. 2 ಯೂರೋದ ಬಸ್ ಟಿಕೆಟ್ಟಿನಲ್ಲಿ ಇಳಿದು ಮೆಟ್ರೋ ಹತ್ತುವಂತಿಲ್ಲ, ಮತ್ತೆ 2.50 ಕೊಡಬೇಕು. ನನ್ನ ಗಂಡ ನಮ್ಮನ್ನು ಸೇರಿದ ದಿನದಿಂದ ಪ್ರತಿ ನಿಲ್ದಾಣದಲ್ಲೂ ಈ ಲೆಕ್ಕ ಶುರುವಾಯಿತು: ಎರಡು ನಿಲ್ದಾಣಕ್ಕಾಗಿ ಟಿಕೆಟ್ ಏಕೆ, ನಡೆದುಬಿಡೋಣ ಎನ್ನುವುದು. ನಾವಿಬ್ಬರು ಬಸ್ಸಿನಲ್ಲಿ ಹೋಗಿ ಕಾಯುತ್ತಿದ್ದೆವು, ಅವರು ನಡೆದು ಬರುತ್ತಿದ್ದರು.

69ನೇ ಸಂಖ್ಯೆಯ ಬಸ್ಸನ್ನಂತೂ ಬಿಡಲೇಬೇಡಿ. ಐಫೆಲ್ ಗೋಪುರದ ಬುಡದ ಶಾಂ ದ ಮಾರ್ಸ್ ಮೈದಾನದಿಂದ ಹೊರಟು, ಸೇನ್ ನದಿ ದಾಟಿ, ಲೂವ್ರ್ ಕಡೆಯಿಂದ ಬಸ್ತೀಯ ವೃತ್ತಕ್ಕೆ ಬಂದು, ಪೇರ್ ಲಶೇಸ್ ಸ್ಮಶಾನದವರೆಗೆ ಹೋಗುತ್ತದೆ. ಪ್ರವಾಸಿಗರ ಮಹಡಿ ಬಸ್ಸಿಗೆ ದುಬಾರಿ ದುಡ್ಡು ಕೊಟ್ಟು ನೋಡುವುದನ್ನು ಕಿಟಕಿಯ ಪಕ್ಕ ಕುಳಿತೇ ನೋಡಬಹುದು. ಮನಸ್ಸಾದಲ್ಲಿ ಇಳಿದು, ಒಂದು ಬೇಕರಿಗೆ ಹೋಗಿ, ಮತ್ತೆ ಹತ್ತಿದೆವು. ಮೆಟ್ರೋ ಹತ್ತುವುದಾದರೆ 6ನೇ ಮಾರ್ಗ ಹಿಡಿಯಿರಿ. ಬೀರ್ ಅಕೇಮ್ ನಿಲ್ದಾಣದ ಬಳಿ ಅದು ಸೇತುವೆಯ ಮೇಲೆ ನದಿ ದಾಟುವಾಗ ಗೋಪುರ ಪೂರ್ತಿ ಕಾಣುತ್ತದೆ.

ಈಸಿ ಕಾರ್ಡಿಗೂ ಅದರದೇ ಜಾಗ ಇದೆ. ಬೆಲೆ 2 ಯೂರೋ, ಫೋಟೋ ಬೇಡ, ಹೆಸರು ಬೇಡ, ಇನ್ನೊಬ್ಬರಿಗೂ ಕೊಡಬಹುದು. ಆದರೆ ಜೊತೆಯಾಗಿ ಹೋಗುವಾಗ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬೇಕು. ಗುರುವಾರ ಸಂಜೆಯ ನಂತರ ಇಳಿಯುವವರಿಗೆ, ಊರಿನ ನಡುವೆಯೇ ಉಳಿದು ದಿನವಿಡೀ ನಡೆಯುವ ಗಟ್ಟಿ ಕಾಲಿನವರಿಗೆ ಅದೇ ಸರಿ. ಟಿಕೆಟ್ ಯಂತ್ರದ ಬಳಿ ಸಹಾಯಕ್ಕೆ ಬರುವ ಅಪರಿಚಿತರಿಗೆ ದುಡ್ಡು ಕೊಡಬೇಡಿ.

ವಾರದ ಪಾಸನ್ನು ಈಗ ಸಾರಿಗೆ ಪ್ರಾಧಿಕಾರದ ಆ್ಯಪ್ ಮೂಲಕ ಮೊಬೈಲಿಗೂ ಹಾಕಿಕೊಳ್ಳಬಹುದು. ನಾವು ಕಾರ್ಡನ್ನೇ ಆರಿಸಿದೆವು, ಏಕೆಂದರೆ ಅತ್ತೆಯ ಫೋನು ಹಳೆಯದು, ಮಧ್ಯಾಹ್ನಕ್ಕೆ ಬ್ಯಾಟರಿ ಮುಗಿಯುತ್ತದೆ. ಕಾರ್ಡಿನ ಆಯಸ್ಸು 10 ವರ್ಷ. ಮುಂದಿನ ಸಲ ಹೋದರೆ 5 ಯೂರೋ ಉಳಿಯುತ್ತದೆ, ಹೊಸ ಫೋಟೋವೂ ಬೇಡ. ಅತ್ತೆ ಅದನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದಾರೆ.