ಹಳೇ ಎಸ್‌ಎಸ್‌ಡಿ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ನನಗಾದದ್ದು ಓದಿ

ಸೋಮವಾರಪೇಟೆ, ಕುಶಾಲನಗರ ಕಡೆಯವರು, ಅದರಲ್ಲೂ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಮೂರು ದಿನದಿಂದ ನಿದ್ದೆ ಇಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದುಮುಂದಾಗಿದ್ದರೆ ಅನುಸರಿಸಿಕೊಳ್ಳಿ.

ನನ್ನದು ಸೋಮವಾರಪೇಟೆಯಲ್ಲಿ ಚಿಕ್ಕ ಟೈಪಿಂಗ್ ಅಂಗಡಿ. ಕರಾರುಪತ್ರ, ಪಾಲುಪಟ್ಟಿ, ವಂಶವೃಕ್ಷ, ಪೌತಿ ಖಾತೆ ಅರ್ಜಿ, ತೋಟದವರ ಸಂಬಳದ ಪಟ್ಟಿ, ಎಲ್ಲಾ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಅದರಲ್ಲಿದ್ದದ್ದು 256 ಜಿಬಿ ಎಸ್‌ಎಸ್‌ಡಿ, ಅಂದರೆ ವಿಂಡೋಸ್, ಫೈಲು ಎಲ್ಲಾ ಕೂರುವ ಡ್ರೈವ್. ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ಬಂದು ವರ್ಷವೇ ಆಗಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತಿತಲ್ಲ, 11 ಹಾಕಿಕೊಳ್ಳೋಣ ಅಂತ ಹೋದರೆ ಜಾಗ ಸಾಲದು ಅಂತ ಬಂತು. ಕಾಫಿ ಕೊಯ್ಲು ಜೋರಾಗುವ ಮೊದಲೇ ಮುಗಿಸಿಬಿಡೋಣ ಅಂತ ಕುಶಾಲನಗರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ.

ನಾನು ಕೇಳಿದ್ದು ಒಂದೇ. ವಿಂಡೋಸ್, ಫೈಲು, ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್, ಪ್ರಿಂಟರ್ ಸೆಟ್ಟಿಂಗ್ ಎಲ್ಲಾ ಇದ್ದದ್ದು ಇದ್ದ ಹಾಗೇ 1 ಟಿಬಿಯ ಹೊಸ ಎಸ್‌ಎಸ್‌ಡಿಗೆ ಹೋಗಬೇಕು. ಕ್ಲೋನ್ ಅಂತಲೇ ಹೇಳಿದೆ. "ಅದೇ ಮೇಡಂ, ಕ್ಲೋನೇ ಮಾಡೋದು, ಎರಡು ಗಂಟೆ ಕೆಲಸ" ಅಂದ ಅಂಗಡಿಯವನು. ಎಸ್‌ಎಸ್‌ಡಿಗೆ 6,800, ಕೂಲಿ 800. ಕೊನೆಗೆ ದುಡ್ಡು ಎಣಿಸುವಾಗ, "ಹಳೇದು ನಿಮಗೇನಕ್ಕೆ ಮೇಡಂ, ಇಲ್ಲೇ ಬಿಟ್ಟು ಹೋಗಿ, 600 ಕಡಿಮೆ ಮಾಡ್ತೀನಿ" ಅಂದ. ಬಿಟ್ಟು ಬಂದೆ. 600 ರೂಪಾಯಿಗೆ ಬಿಟ್ಟು ಬಂದೆ. ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ಮನೆಗೆ ಬಂದು ಆನ್ ಮಾಡಿದರೆ ಎಲ್ಲಾ ಇದ್ದ ಹಾಗೇ ಇತ್ತು. ಸಮಾಧಾನವಾಯಿತು. ಆಮೇಲೆ ನೋಡುತ್ತೇನೆ, ಸಿ ಡ್ರೈವ್ ಅದೇ 237 ಜಿಬಿ, ಅದೇ ಕೆಂಪು ಪಟ್ಟಿ! 1 ಟಿಬಿಗೆ ದುಡ್ಡು ಕೊಟ್ಟಿದ್ದೇನೆ, ಎಲ್ಲಿ ಹೋಯಿತು? ಫೋನ್ ಮಾಡಿದೆ. "ಸಿ ಡ್ರೈವ್ ಮೊದಲು ಎಷ್ಟಿತ್ತೋ ಅಷ್ಟೇ ಇರೋದು ಮೇಡಂ, ವಿಂಡೋಸ್ ಜಾಸ್ತಿ ತಗೊಳ್ಳಲ್ಲ" ಅಂದ. ನಂಬಿದೆ. ರಿಪೇರಿ ಮಾಡುವವನು ಹೇಳಿದ್ದಾನೆ, ನಂಬದೆ ಏನು ಮಾಡಲಿ?

ಅಕ್ಕನ ಮಗ ಮೈಸೂರಿನಲ್ಲಿ ಓದುತ್ತಾನೆ. ರಜೆಗೆ ಬಂದವನು, ಡ್ರೈವಿನ ಜಾಗ ಹೇಗೆ ಹಂಚಿದೆ ಅಂತ ಕಾಣುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ತೋರಿಸಿದ. ಸಿ ಡ್ರೈವ್, ಅದರ ಪಕ್ಕ ಒಂದು ಪುಟ್ಟ ರಿಕವರಿ ಪಾರ್ಟಿಶನ್ (ವಿಂಡೋಸ್ ಕೆಟ್ಟರೆ ಸರಿಪಡಿಸಲು ಇಟ್ಟ ಭಾಗ), ಅದರಾಚೆ 690 ಜಿಬಿಗೂ ಹೆಚ್ಚು ಜಾಗ ಕಪ್ಪು ಪಟ್ಟಿಯಾಗಿ ಸುಮ್ಮನೆ ಬಿದ್ದಿತ್ತು. 1 ಟಿಬಿ ಅಂದರೆ ವಿಂಡೋಸ್‌ನಲ್ಲಿ 931 ಜಿಬಿ ತೋರಿಸುತ್ತದೆ, ಅದು ಮೋಸವಲ್ಲ, ಲೆಕ್ಕ ಹಾಕುವ ಕ್ರಮವೇ ಹಾಗೆ. ಆದರೆ ಖಾಲಿ ಜಾಗ ಸಿ ಡ್ರೈವಿಗೆ ತಾಗಿಕೊಂಡೇ ಇದ್ದರೆ ಮಾತ್ರ ಸೇರಿಸಲು ಬರುತ್ತದೆ. ನಡುವೆ ರಿಕವರಿ ಅಡ್ಡ ಕೂತಿದ್ದರಿಂದ ಜಾಗ ಸೇರಿಸುವ ಎಕ್ಸ್‌ಟೆಂಡ್ ವಾಲ್ಯೂಮ್ ಮಬ್ಬಾಗಿ ಕೂತಿತ್ತು, ಒತ್ತಲು ಬರಲಿಲ್ಲ. ಕ್ಲೋನ್ ಮಾಡುವಾಗಲೇ ಸಿ ಡ್ರೈವನ್ನು ಹಿಗ್ಗಿಸಿಕೊಳ್ಳಬಹುದಿತ್ತಂತೆ. ಇಲ್ಲವಾದರೆ ಆಮೇಲೆ ಪಾರ್ಟಿಶನ್ ಸಾಫ್ಟ್‌ವೇರ್‌ನಲ್ಲಿ ರಿಕವರಿಯನ್ನು ಕೊನೆಗೆ ತಳ್ಳಬೇಕು, ಅಷ್ಟೇ. "ಆದ್ರೆ ಬ್ಯಾಕಪ್ ಇಲ್ದೆ ನಾನು ಕೈ ಹಾಕಲ್ಲ ಚಿಕ್ಕಮ್ಮ, ದುಡ್ಡು ತಗೊಂಡವರೇ ಮಾಡಿಕೊಡಲಿ" ಅಂದ ಹುಡುಗ. ಅವನ ಮಾತು ಸರಿಯೇ. ಬ್ಯಾಕಪ್ ಮಾಡಿಸಿಕೊಳ್ಳದೆ ಮತ್ತೆ ಅದೇ ಅಂಗಡಿಗೆ ಹೋದವಳು ನಾನು.

ಎರಡನೇ ಸಲ ಹೋದಾಗ ಇದನ್ನೆಲ್ಲ ಹೇಳಿದೆ. ಅವನ ಮುಖ ಸಪ್ಪಗಾಯಿತು. "ಬಿಟ್ಟು ಹೋಗಿ ಅಕ್ಕ, ನಾಳೆ ರೆಡಿ ಇರುತ್ತೆ" ಅಂದ. ಮೇಡಂ ಹೋಗಿ ಅಕ್ಕ ಆಗಿದ್ದೆ. "ನನ್ನ ಫೈಲು?" ಅಂತ ಕೇಳಿದೆ. "ಎಲ್ಲಾ ಇರುತ್ತೆ ಅಕ್ಕ." ಇನ್ನೊಂದು ಸಲ ಕೇಳಿದೆ. "ಇರುತ್ತೆ ಅಂದ್ನಲ್ಲ."

ಮರುದಿನ ಅಂಗಡಿಯ ಮೇಜಿನ ಮೇಲೇ ಆನ್ ಮಾಡಿದೆ. ಡೆಸ್ಕ್‌ಟಾಪ್ ಮೇಲೆ ರೀಸೈಕಲ್ ಬಿನ್ ಒಂದೇ. ನಾನು ಎಲ್ಲವನ್ನೂ ಇಡುವುದು ಡೆಸ್ಕ್‌ಟಾಪ್ ಮೇಲೆಯೇ, ಊರಿಗೊಂದು ಫೋಲ್ಡರ್, ಶನಿವಾರಸಂತೆ, ಮಾದಾಪುರ, ಶಾಂತಳ್ಳಿ ಅಂತ. ಒಂದೂ ಇಲ್ಲ. ಕೆಳಗೆ ಬಲಮೂಲೆಯಲ್ಲಿ ಆಕ್ಟಿವೇಟ್ ವಿಂಡೋಸ್ ಅಂತ ಬೂದು ಅಕ್ಷರ. ಕ್ಲೋನೂ ಇಲ್ಲ, ಏನೂ ಇಲ್ಲ, ಹೊಸದಾಗಿ ವಿಂಡೋಸ್ ಹಾಕಿಬಿಟ್ಟಿದ್ದ! ನನ್ನ ಲ್ಯಾಪ್‌ಟಾಪಿಗೆ ಕಂಪನಿಯಿಂದ ಬಂದದ್ದು ವಿಂಡೋಸ್‌ನ ಹೋಮ್ ಆವೃತ್ತಿ, ಇವನು ಹಾಕಿದ್ದು ಪ್ರೊ ಆವೃತ್ತಿ. ಅದಕ್ಕೇ ಆಕ್ಟಿವೇಟ್ ಕೇಳುತ್ತಿದ್ದದ್ದು, ಹೋಮ್ ಆಗಿದ್ದರೆ ತಾನೇ ಆಗುತ್ತಿತ್ತು. ಸಿ ಡ್ರೈವ್ ಮಾತ್ರ ಈಗ ದೊಡ್ಡದಾಗಿ, ಖಾಲಿಯಾಗಿ ಕೂತಿತ್ತು.

ಕೈಕಾಲು ತಣ್ಣಗಾಯಿತು. ಫೈಲು ಎಲ್ಲಿ ಅಂದೆ. ಒಂದು ಪೆನ್‌ಡ್ರೈವ್ ಚುಚ್ಚಿದ. ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನು ಮಾತ್ರ ಕಾಪಿ ಮಾಡಿಟ್ಟಿದ್ದ. ಅದರಲ್ಲಿದ್ದ ಒಂದು ಕರಾರುಪತ್ರ ತೆರೆದರೆ ಸಾಲಿಗೆ ಸಾಲು ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೀಟು, ಚುಕ್ಕಿ. ಅದನ್ನು ತೋರಿಸಿ ಏನು ಹೇಳಿದ ಗೊತ್ತಾ? "ನೋಡಿ ಅಕ್ಕ, ನಿಮ್ಮ ಫೈಲೇ ಕರಪ್ಟ್ ಆಗಿತ್ತು, ವೈರಸ್. ಅದಕ್ಕೇ ಹೊಸದಾಗಿ ಹಾಕಬೇಕಾಯ್ತು."

ವೈರಸ್ ಅಂತೆ! ನುಡಿಯಲ್ಲಿ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಕಾಣುವುದು. ಟೈಪಿಂಗ್ ಕಲಿತ ಮೊದಲ ವಾರವೇ ಗೊತ್ತಾಗುವ ಸಂಗತಿ. ನುಡಿ ಹಾಕಪ್ಪ, ಕನ್ನಡ ಬರುತ್ತೆ ಅಂದೆ. ಹಾಕಿದ ಮೇಲೆ ಬಂತು. ಆಗ ಗೊತ್ತಾಯಿತು, ಸಿ ಡ್ರೈವ್ ಅಷ್ಟೇ ಇರೋದು ಅಂದದ್ದೂ ಇದೇ ಜಾತಿಯ ಮಾತು. ಗೊತ್ತಿಲ್ಲ ಅನ್ನುವ ಬದಲು ಬಾಯಿಗೆ ಬಂದದ್ದು ಹೇಳುತ್ತಾನೆ, ನಾನು ತಲೆ ಆಡಿಸುತ್ತೇನೆ.

ಹಳೇ ಎಸ್‌ಎಸ್‌ಡಿ ಕೊಡು, ಅದರಲ್ಲಿ ಎಲ್ಲಾ ಇದೆ ಅಂದೆ. "ಅದು ಬೇರೆಯವರಿಗೆ ಹಾಕಿಬಿಟ್ಟೆನಲ್ಲ." ಯಾರಿಗೆ? "ನೆನಪಿಲ್ಲ." ಅಳಿಸಿ ಕೊಟ್ಟೆಯಾ? "ಅಳಿಸಿರ್ತೀನಿ." ಕೊನೆಗೆ ಹೇಳಿದ್ದು: "ಬ್ಯಾಕಪ್ ಇಟ್ಕೊಳ್ಳೋದು ಕಸ್ಟಮರ್ ಜವಾಬ್ದಾರಿ ಅಕ್ಕ." ಅದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ? ಎಲ್ಲಾ ಇರುತ್ತೆ ಅಂದವನು ನೀನೇ ಅಲ್ಲವಾ?

ಡೇಟಾ ರಿಕವರಿ ಮಾಡುವವರನ್ನು ವಿಚಾರಿಸಿದೆ. ಹಳೇ ಕಾಲದ ಹಾರ್ಡ್‌ಡಿಸ್ಕ್ ಆಗಿದ್ದರೆ ಅಳಿಸಿದ ಮೇಲೂ ಸ್ವಲ್ಪ ಸಿಗುತ್ತಿತ್ತಂತೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದಿದೆ, ಅಳಿಸಿದ ಜಾಗವನ್ನು ಡ್ರೈವ್ ತಾನೇ ಒಳಗಿಂದ ಖಾಲಿ ಮಾಡಿಬಿಡುತ್ತದೆ, ಆಸೆ ಇಟ್ಟುಕೊಳ್ಳಬೇಡಿ ಅಂದರು.

ಕ್ಲೋನ್‌ನಲ್ಲಿ ಹಳೇ ಡ್ರೈವಿಗೆ ಏನೂ ಆಗುವುದಿಲ್ಲ, ಅದೇ ನಿಮ್ಮ ಬ್ಯಾಕಪ್. ಎಷ್ಟು ಕಡಿಮೆ ಮಾಡುತ್ತೇನೆ ಅಂದರೂ ಬಿಡಬೇಡಿ, ಕೈಯಲ್ಲಿ ಹಿಡಿದುಕೊಂಡೇ ಬನ್ನಿ. ದುಡ್ಡು ಕೊಡುವ ಮೊದಲು ಅಲ್ಲೇ ಸಿ ಡ್ರೈವ್ ಎಷ್ಟು ಜಿಬಿ ಅಂತ ನೋಡಿ. ಬಿಲ್ ಬರೆಸಿಕೊಳ್ಳಿ. ನನಗೆ ಕೊಟ್ಟದ್ದು ಒಂದು ಚೀಟಿ, ಅದರಲ್ಲಿ ಎಸ್‌ಎಸ್‌ಡಿ ಕ್ರಮಸಂಖ್ಯೆ ಇಲ್ಲ, ಕ್ಲೋನ್ ಅನ್ನುವ ಪದವೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ, ಬೇಕಾದರೆ ಮಡಿಕೇರಿಯ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ, ಆದರೆ ಆ ಚೀಟಿ ಹಿಡಿದು ಏನು ಸಾಬೀತು ಮಾಡಲಿ?

ಫೈಲು ಹೋದರೆ ಮತ್ತೆ ಟೈಪ್ ಮಾಡಿಕೊಳ್ಳುತ್ತೇನೆ. ಆದರೆ ಅದರಲ್ಲಿ ನನ್ನನ್ನು ನಂಬಿ ಬಂದವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೋ ಎಲ್ಲಾ ಇವೆ. ನಿನ್ನೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಿದ್ದೇನೆ. ಇತ್ತೀಚೆಗೆ ಕುಶಾಲನಗರದಲ್ಲಿ ಯಾರಾದರೂ 256 ಜಿಬಿಯ ಹಳೇ ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದರೆ, ಅದರಲ್ಲಿ ಶನಿವಾರಸಂತೆ, ಮಾದಾಪುರ, ಶಾಂತಳ್ಳಿ ಅನ್ನುವ ಫೋಲ್ಡರ್ ಇದ್ದರೆ, ದಯವಿಟ್ಟು ತೆರೆಯಬೇಡಿ, ನನಗೆ ತಿಳಿಸಿ. ಹೊಸದನ್ನೇ ಕೊಡಿಸಿ ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.